ಹನ್ನೆರಡನೆಯ ಕಾರ್ಡಿನ ಹಿಂಬದಿ

9 ಮಾರ್ಚ್

ಪ್ರೀತಿಯ ಪುಟ್ಟನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ನಿನ್ನ ಮೂರು ಪತ್ರಗಳೂ ಬಂದಿವೆ. ಉತ್ತರ ತಡವಾಯಿತು, ಕ್ಷಮಿಸು. ಮೊದಲನೆಯದಕ್ಕೆ ಬರೆಯದಿದ್ದದ್ದು ಮಣಿಕಟ್ಟಿನ ನೋವಿನಿಂದ, ಎರಡನೆಯದಕ್ಕೆ ಸೋಮಾರಿತನದಿಂದ, ಮೂರನೆಯದಕ್ಕೆ ಸಿಟ್ಟಿನಿಂದ. ಅದರ ಜೊತೆ ನೀನು ಕಳಿಸಿದ ಆಹ್ವಾನ ಪತ್ರಿಕೆಯನ್ನು ಒಂಬತ್ತು ದಿನ ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದೆ. ಫೋನು ಮಾಡಬಹುದಿತ್ತು. ಆದರೆ ನಿನಗೆ ಇಷ್ಟವಿಲ್ಲದ ಮಾತು ಬಂದ ಕೂಡಲೇ ನಿನ್ನ ಫೋನಿಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ.

ನಮ್ಮ ಪುರಸಭೆ ಇದೇ ಇಪ್ಪತ್ತೊಂದಕ್ಕೆ ‘ಗ್ರಂಥ ಸಂರಕ್ಷಣಾ ಯೋಜನೆ’ಯನ್ನು ಉದ್ಘಾಟಿಸುತ್ತದಂತೆ. ಮುಖ್ಯ ಅತಿಥಿ ನೀನು. ‘ಮೂವತ್ತೊಂದು ವರ್ಷಗಳ ಹಿಂದೆಯೇ ಈ ಯೋಜನೆಯ ಕನಸು ಕಂಡ ದಾರ್ಶನಿಕ’ ಎಂದು ನಿನ್ನ ಫೋಟೊದ ಕೆಳಗೆ ಅಚ್ಚಾಗಿದೆ. ಫೋಟೊ ಚೆನ್ನಾಗಿ ಬಂದಿದೆ. ದಾರ್ಶನಿಕರು ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ ಎಂದು ನಿನಗೆ ಯಾರು ಹೇಳಿಕೊಟ್ಟರು?

ಈ ಯೋಜನೆ ಏನೆಂದು ನಿನಗೆ ಗೊತ್ತಿದೆಯೋ ಇಲ್ಲವೋ, ನಾನು ಹೇಳುತ್ತೇನೆ. ನಾನು ಮೂವತ್ತಮೂರು ವರ್ಷ ಕೂತಿದ್ದ ಗ್ರಂಥಾಲಯದಿಂದ ಪುಸ್ತಕಗಳನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿ ಕಬ್ಬಿಣದ ಕಪಾಟುಗಳಲ್ಲಿ ತುಂಬಿ ಬೀಗ ಹಾಕಿದ್ದಾರೆ. ಕಿಟಕಿಯ ಗಾಜುಗಳಿಗೆ ಕಪ್ಪು ಕಾಗದ ಅಂಟಿಸಿದ್ದಾರೆ. ಪುಸ್ತಕ ಬೇಕಾದವರು ಕಾರಣ ಬರೆದು ಅರ್ಜಿ ಕೊಡಬೇಕು. ಮೂವರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಓದುವ ಕೋಣೆಯ ಉದ್ದನೆಯ ಮೇಜು ಎತ್ತಿ ಮೆತ್ತನೆಯ ಕುರ್ಚಿ ಹಾಕಿಸಿದ್ದಾರೆ. ಅದಿನ್ನು ಸದಸ್ಯರ ಸಭಾಂಗಣ. ನನ್ನ ಜಾಗಕ್ಕೆ ಬಂದ ಹುಡುಗಿಯನ್ನು ಜನನ ಮರಣ ನೋಂದಣಿಗೆ ವರ್ಗ ಮಾಡಿದ್ದಾರೆ. ಮರಣದ ಕೌಂಟರಿನಲ್ಲಿ ಕೂತಿದ್ದಾಳೆ. ಅನುಭವ ಉಪಯೋಗಕ್ಕೆ ಬರುತ್ತದೆ.

ಇದೆಲ್ಲದರ ಬುಡದಲ್ಲಿರುವುದು ನಿನ್ನ ಹೆಸರಿನಲ್ಲಿ ಅಚ್ಚಾದ ಆ ಒಂದು ಲೇಖನ: ‘ಓದುಗರಿಂದ ಪುಸ್ತಕಗಳನ್ನು ರಕ್ಷಿಸಿ’.

ನಿನಗೆ ನೆನಪಿನ ಶಕ್ತಿ ಕಡಿಮೆ, ನನಗೆ ಹೆಚ್ಚು. ಆ ವರ್ಷ ಪುರಸಭೆ ಗ್ರಂಥಾಲಯದ ಸಮಯವನ್ನು ದಿನಕ್ಕೆ ಹತ್ತು ತಾಸಿನಿಂದ ಎರಡು ತಾಸಿಗೆ ಇಳಿಸಿತ್ತು. ಪುಸ್ತಕ ಹಾಳಾಗುತ್ತಿದೆ, ಅದಕ್ಕೇ ಅಂದಿದ್ದರು. ಜನ ಮನವಿ ಕೊಟ್ಟರು, ಕಸದ ಬುಟ್ಟಿ ಸೇರಿತು. ಆಮೇಲೆ ಒಂದು ಭಾನುವಾರ ಪತ್ರಿಕೆಯಲ್ಲಿ ಈ ಲೇಖನ ಬಂತು. ಎರಡು ತಾಸೂ ಹೆಚ್ಚಾಯಿತು, ಪೂರ್ತಿ ಮುಚ್ಚಿಬಿಡಿ ಎಂದು ಅದು ಬೇಡಿಕೊಂಡಿತ್ತು. ‘ಓದುಗನು ಪುಸ್ತಕವನ್ನು ಬಿಚ್ಚಿದಾಗಲೆಲ್ಲ ಬೆಳಕು ಒಳಗೆ ನುಗ್ಗುತ್ತದೆ. ಬೆಳಕಿನಷ್ಟು ಹಾನಿಕರವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅನುಭವ.’ ‘ಕಪಾಟುಗಳನ್ನು ತಣ್ಣನೆಯ ಗೋಡೆಗೆ ಒತ್ತಿ ನಿಲ್ಲಿಸಿ.’ ‘ಗುಡಿಸುವುದು, ಒರೆಸುವುದು, ಔಷಧಿ ಹೊಡೆಯುವುದು ಎಲ್ಲವೂ ದುಂದು ಕೆಲಸ, ಪುಸ್ತಕಗಳಿಗೆ ಬೇಕಾದದ್ದು ಶಾಂತಿ.’ ‘ನಮ್ಮ ಮನೆತನದವರೆಲ್ಲ ತಲೆತಲಾಂತರದಿಂದ ಗ್ರಂಥಾಲಯದ ಆಶ್ರಯದಲ್ಲೇ ಬೆಳೆದವರು. ದಪ್ಪ ಸಂಪುಟವೊಂದನ್ನು ಹಿಡಿದರೆ ಪೂರ್ತಿ ಮುಗಿಸದೆ ಏಳದ ಹಿರಿಯರು ನಮ್ಮಲ್ಲಿದ್ದಾರೆ.’ ಜನ ಓದಿ ಓದಿ ನಕ್ಕರು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕೋರ್ಟಿನ ವರಾಂಡದಲ್ಲಿ ‘ಪುಸ್ತಕಗಳಿಗೆ ಬೇಕಾದದ್ದು ಶಾಂತಿ’ ಎಂದು ಹೇಳಿಕೊಂಡು ನಕ್ಕರು. ಅಂದಿನ ಅಧ್ಯಕ್ಷರು ಬೀದಿಯಲ್ಲಿ ಹೋದರೆ ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ‘ಶ್…’ ಅನ್ನುತ್ತಿದ್ದವು. ತಿಂಗಳು ತುಂಬುವ ಮೊದಲೇ ಗ್ರಂಥಾಲಯ ಮತ್ತೆ ಹತ್ತು ತಾಸು ತೆರೆಯಿತು.

ನಗು ತೆರೆಸಿದ ಬಾಗಿಲನ್ನು ಈಗ ಅದೇ ಲೇಖನ ಹಿಡಿದುಕೊಂಡು ಮುಚ್ಚುತ್ತಿದ್ದಾರೆ. ನೀನು ರಿಬ್ಬನ್ ಕತ್ತರಿಸಲು ಬರುತ್ತಿದ್ದೀಯ.

ಕಳೆದ ವಾರ ಪುರಸಭೆಗೆ ಹೋಗಿದ್ದೆ. ಈಗಿನ ಕಾರ್ಯದರ್ಶಿ ಸಭ್ಯ ಮನುಷ್ಯ, ಎದ್ದು ನಿಂತು ಕುರ್ಚಿ ಕೊಟ್ಟ. ಫೈಲು ತೋರಿಸಿದ. ನಿನ್ನ ಲೇಖನದ ನಕಲು, ಪ್ರತಿ ವಾಕ್ಯದ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಟಿಪ್ಪಣಿ. ಬೆಳಕು ಬೀಳದಂತೆ ನೋಡಿಕೊಳ್ಳುವುದು: ಕ್ರಮ ಕೈಗೊಳ್ಳಲಾಗಿದೆ. ಕಪಾಟನ್ನು ತಣ್ಣನೆಯ ಗೋಡೆಗೆ ಒತ್ತುವುದು: ಕ್ರಮ ಕೈಗೊಳ್ಳಲಾಗಿದೆ. ಔಷಧಿ ಸಿಂಪಡಣೆ ನಿಲ್ಲಿಸುವುದು: ಕ್ರಮ ಕೈಗೊಳ್ಳಲಾಗಿದೆ.

“ಇದು ತಮಾಷೆಗೆ ಬರ್ದಿದ್ದು ಸ್ವಾಮಿ” ಅಂದೆ.

“ಯಾರು ಹೇಳಿದ್ದು ಮೇಡಂ?”

“ಓದಿದ್ರೆ ಗೊತ್ತಾಗುತ್ತಲ್ಲ.”

“ಎರಡು ಸಲ ಓದಿದೀನಿ. ಎಲ್ಲೂ ತಮಾಷೆ ಅಂತ ಬರ್ದಿಲ್ವಲ್ಲ?”

“ತಮಾಷೆ ಅಂತ ಮೇಲೆ ಬೋರ್ಡು ಹಾಕ್ಕೊಂಡು ಯಾರಾದ್ರೂ ತಮಾಷೆ ಮಾಡ್ತಾರೇನ್ರೀ?”

ಅವನಿಗೆ ಬೇಜಾರಾಗಲಿಲ್ಲ. ಫೈಲಿನಲ್ಲಿ ಇನ್ನೊಂದು ಹಾಳೆ ತಿರುಗಿಸಿದ. “ನಮಗೂ ಅನುಮಾನ ಬಂದಿತ್ತು ಮೇಡಂ. ಅದಕ್ಕೇ ಬರೆದೋರನ್ನೇ ಕೇಳಿದ್ವಿ. ನೋಡಿ, ನಿಮ್ಮ ತಮ್ಮನೋರೇ ಒಪ್ಪಿಗೆ ಕೊಟ್ಟಿದಾರೆ.”

ನಿನ್ನ ಲೆಟರ್‌ಹೆಡ್ಡು. ‘ವಿಡಂಬನಕಾರ, ಚಿಂತಕ, ನಿವೃತ್ತ ಪ್ರಾಧ್ಯಾಪಕ’. ಅದರ ಕೆಳಗೆ: ‘ನನ್ನ ಲೇಖನದ ಆಶಯವನ್ನು ಇಷ್ಟು ವರ್ಷಗಳ ನಂತರ ಸರಿಯಾಗಿ ಗ್ರಹಿಸಿದ ತಮಗೆ ಕೃತಜ್ಞತೆಗಳು.’

ನಾಚಿಕೆ ಆಗಲಿಲ್ಲವೇನೋ?

ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ವಿಡಂಬನೆಯ ಪಾಠ ಮಾಡಿದವನಿಗೆ ವಿಡಂಬನೆ ಅಂದರೇನು ಎಂದು ಮೆಟ್ರಿಕ್ ಮುಗಿಸಿ ಕೆಲಸಕ್ಕೆ ಸೇರಿದವಳು ಹೇಳಿಕೊಡಬೇಕಾಗಿದೆ. ಕೇಳು. ಬೈಯಬೇಕಾದವನನ್ನು ಹೊಗಳುವುದು ಒಂದು ದಾರಿ. ನಮ್ಮ ಹಳೆಯ ಅಲಂಕಾರದ ಪಂಡಿತರು ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ, ವ್ಯಾಜಸ್ತುತಿ ಅಂತ. ನೀನು ಅದನ್ನು ಕಪ್ಪು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಎದುರಾಳಿ ಹೇಳಿದ್ದಕ್ಕೆ ‘ಹೌದು ಹೌದು’ ಎನ್ನುತ್ತಾ ಅವನ ಕೈಹಿಡಿದು ಅವನ ದಾರಿಯಲ್ಲೇ ಹತ್ತು ಹೆಜ್ಜೆ ಮುಂದೆ ಕರೆದುಕೊಂಡು ಹೋಗಿ, ಅಲ್ಲಿರುವ ಗುಂಡಿ ತೋರಿಸುವುದು ಇನ್ನೊಂದು. ಎರಡು ತಾಸು ಸಾಕು ಅಂದವರಿಗೆ ಅದೂ ಯಾಕೆ ಎಂದು ಕೇಳಿದ್ದು ಅದಕ್ಕೆ. ಅತಿಶಯೋಕ್ತಿ ಇರುವುದು ಅಳತೆ ತಪ್ಪಿಸುವುದಕ್ಕಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನುಸುಳಿದ ದುಷ್ಟತನವನ್ನು ಕಾಣುವಷ್ಟು ದೊಡ್ಡದು ಮಾಡುವುದಕ್ಕೆ. ಇನ್ನು ಅಣಕ. ಆ ಲೇಖನದ ಭಾಷೆ ನೋಡು, ಪುರಸಭೆಯ ಸುತ್ತೋಲೆಯ ಭಾಷೆಯೇ. ‘ತಮ್ಮ ಅವಗಾಹನೆಗೆ ತರಲು ಹರ್ಷಿಸುತ್ತೇನೆ’ ಎಂದು ಶುರುವಾಗುತ್ತದೆ. ಅವರ ಅಂಗಿಯನ್ನು ಅವರಿಗಿಂತ ಚೆನ್ನಾಗಿ ಇಸ್ತ್ರಿ ಮಾಡಿ ತೊಟ್ಟುಕೊಂಡು ಅವರೆದುರೇ ನಡೆದಾಡಿದ ಹಾಗೆ. ಆ ಅಂಗಿ ಕಂಡು ಈಗಿನವರು ‘ಓ, ಇವನು ನಮ್ಮವನೇ’ ಎಂದು ಅಪ್ಪಿಕೊಂಡಿದ್ದಾರೆ. ಅದು ಅವರ ದಡ್ಡತನ. ನೀನೂ ಅಪ್ಪಿಕೊಂಡೆಯಲ್ಲ, ಅದಕ್ಕೆ ಏನನ್ನಲಿ?

ಎಲ್ಲಕ್ಕಿಂತ ಮುಖ್ಯವಾದದ್ದು ಮುಖವಾಡ. ವಿಡಂಬನೆಯಲ್ಲಿ ‘ನಾನು’ ಎಂದು ಮಾತಾಡುವವನು ಬರೆದವನಲ್ಲ. ಬರೆದವರು ಒಬ್ಬನನ್ನು ಸೃಷ್ಟಿಸಿ, ಅವನ ಬಾಯಿಂದ ಆಡಿಸಿ, ಆಡಿದ ಮಾತಿನಿಂದಲೇ ಅವನು ಯಾರೆಂದು ಬಯಲಾಗುವ ಹಾಗೆ ಮಾಡುತ್ತಾರೆ. ಆ ಲೇಖನದಲ್ಲಿ ‘ನನ್ನ ಅನುಭವ’, ‘ನಮ್ಮ ಮನೆತನ’ ಎಂದು ಹೇಳಿಕೊಳ್ಳುವ ಪ್ರಾಣಿ ಯಾರು ಎಂದು ಮೂವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ಕೇಳಿಕೊಂಡಿದ್ದೀಯಾ?

ನಮ್ಮ ಎದುರು ಸಾಲಿನ ದರ್ಜಿ ನಿನಗೆ ಗೊತ್ತು. ನಿನ್ನ ಮದುವೆಯ ಕೋಟು ಹೊಲಿದವನು. ಅವನು ಮಧ್ಯಾಹ್ನ ಒಂದರಿಂದ ಎರಡೂವರೆವರೆಗೆ ಅಂಗಡಿ ಮುಚ್ಚಿ ಗ್ರಂಥಾಲಯಕ್ಕೆ ಬರುತ್ತಿದ್ದ. ಇಪ್ಪತ್ತು ವರ್ಷ ತಪ್ಪಿಸಿಲ್ಲ. ಗುರುತಿಗೆ ಪುಟದ ಮಧ್ಯೆ ನೂಲಿನ ಎಳೆ ಇಟ್ಟುಹೋಗುತ್ತಿದ್ದ. ಅವತ್ತು ಯಾವ ಬಣ್ಣದ ಬಟ್ಟೆ ಹೊಲಿದನೋ ಆ ಬಣ್ಣದ್ದು. ಬೀಗ ಬಿದ್ದಾಗ ಅವನು ಒಂದು ದಪ್ಪ ಸಮುದ್ರಯಾನದ ಪುಸ್ತಕದಲ್ಲಿ ಇನ್ನು ಎಂಬತ್ತು ಪುಟ ಓದಬೇಕಾಗಿತ್ತು. “ಹಡಗು ಹಿಮದಲ್ಲಿ ಸಿಕ್ಕಾಕ್ಕೊಂಡಿದೆ ಅಮ್ಮ. ಅವ್ರು ಬದುಕಿದ್ರೋ ಸತ್ರೋ ಅಷ್ಟು ಹೇಳಿ ಬೀಗ ಹಾಕಬಾರ್ದಿತ್ತಾ?” ಅಂದ. ಅರ್ಜಿ ಕೊಟ್ಟ. ಕಾರಣ ಎಂಬ ಕಡೆ ‘ಹಡಗಿನವರು ಏನಾದರೆಂದು ತಿಳಿಯಬೇಕಾಗಿದೆ’ ಎಂದು ಬರೆದ. ಸಮಿತಿ ‘ಕಾರಣ ಸಮರ್ಪಕವಾಗಿಲ್ಲ’ ಎಂದು ಹಿಂದಿರುಗಿಸಿತು.

ಈಗ ಅವನಿಗೆ ಉಳಿದದ್ದು ವರಾಂಡಕ್ಕೆ ತಳ್ಳಿದ ಕಾರ್ಡುಗಳ ಪೆಟ್ಟಿಗೆ. ಪುಸ್ತಕಕ್ಕೊಂದು ಕಾರ್ಡು, ಎಲ್ಲವೂ ನನ್ನ ಕೈಬರಹ. ವಿವರ ಮುಂಬದಿಯಲ್ಲಿ ಹಿಡಿಸದಿದ್ದರೆ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣ ಹಾಕಿ ಹಿಂಬದಿಯಲ್ಲಿ ಮುಂದುವರಿಸುತ್ತಿದ್ದೆ. ದರ್ಜಿ ವರಾಂಡದಲ್ಲಿ ನಿಂತು ಒಂದೊಂದೇ ಕಾರ್ಡು ಓದುತ್ತಾನೆ. ಬಾಣ ಕಂಡರೆ ತಿರುಗಿಸುತ್ತಾನೆ.

ನಿನ್ನಿಂದ ಬೇಕಾದದ್ದು ಇಷ್ಟೇ. ಇಪ್ಪತ್ತೊಂದಕ್ಕೆ ಬಾ. ವೇದಿಕೆ ಹತ್ತು. ಮೈಕಿನ ಮುಂದೆ ಒಂದೇ ವಾಕ್ಯ ಹೇಳು: ‘ಅದು ವಿಡಂಬನೆ, ದಯವಿಟ್ಟು ಕಪಾಟು ತೆಗೆಯಿರಿ.’ ಆಮೇಲೆ ಬೇಕಿದ್ದರೆ ನಿನ್ನ ಸನ್ಮಾನದ ಫಲಕ ಇಸಿದುಕೊಂಡು ಹೋಗು. ಯೋಜನೆ ನಿಂತಿರುವುದು ನಿನ್ನ ಒಪ್ಪಿಗೆಯ ಮೇಲೆ. ನೀನು ಕಾಲು ತೆಗೆದರೆ ಬೀಳುತ್ತದೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಅವಳ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ನಿನಗೆ ಒಳ್ಳೆಯ ಬುದ್ಧಿ ಬರಲಿ. ಇದು ವಿಡಂಬನೆಯಲ್ಲ, ನಿಜವಾದ ಹಾರೈಕೆ.

ನಿನ್ನ ಅಕ್ಕ


24 ಮಾರ್ಚ್

ಪುಟ್ಟನಿಗೆ,

ಆಶೀರ್ವಾದಗಳು. ಅವತ್ತು ಹೇಳದೆ ಹೊರಟುಬಂದದ್ದಕ್ಕೆ ಕ್ಷಮಿಸು. ನೀನು ಮನೆಗೆ ಬರುತ್ತೀಯೆಂದು ಅಡುಗೆ ಮಾಡಿಟ್ಟಿದ್ದೆ. ಅದನ್ನು ಮೂರು ಹೊತ್ತು ನಾನೇ ಉಂಡೆ. ಸಭೆ ಮುಗಿದು ಮೂರು ದಿನ ಕಳೆದ ಮೇಲೆ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲ ಎರಡು ದಿನ ಬರೆದದ್ದನ್ನು ಹರಿದುಹಾಕಿದೆ. ಅದರಲ್ಲಿ ನಮ್ಮ ಅಪ್ಪನಿಗೂ ಸೇರಿ ಬೈಗುಳವಿತ್ತು. ಪಾಪ, ಅವರೇನು ಮಾಡಿದ್ದರು.

ಸಭೆಗೆ ಮುಂಚೆ ಬಂದ ನಿನ್ನ ಉತ್ತರ ನನ್ನ ಎದುರಿಗಿದೆ. ‘ಅಕ್ಕಾ, ಬರೆದ ಮೇಲೆ ಕೃತಿ ಓದುಗರದು. ಅವರು ಕಂಡುಕೊಂಡ ಅರ್ಥವನ್ನು ನಾನು ಹೇಗೆ ತಡೆಯಲಿ?’ ಪುಸ್ತಕವನ್ನು ಓದುಗರ ಕೈಯಿಂದ ಕಿತ್ತುಕೊಂಡು ಅರ್ಥವನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟಿದ್ದೀಯಲ್ಲ, ಎಂಥ ಧಾರಾಳತನ! ಕೆಳಗೆ ಇನ್ನೊಂದು ಸಾಲು: ‘ಅಲ್ಲಿ ಮಾತಾಡುವವನು ಬೇರೆ ಯಾರೂ ಅಲ್ಲ, ನಾನೇ. ನಾನು ಯಾವತ್ತೂ ನೇರವಾಗಿ ಬರೆದವನು.’ ಅದನ್ನು ಓದಿ ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಆದರೂ ಸಭೆಗೆ ಬಂದೆ. ವೇದಿಕೆ ಹತ್ತಿದರೆ ನಿನ್ನ ಮನಸ್ಸು ತಿರುಗೀತು ಎಂಬ ಆಸೆ ಇತ್ತು. ಚಿಕ್ಕಂದಿನಿಂದ ನಿನಗೆ ಕೊನೆಯ ಗಳಿಗೆಯಲ್ಲಿ ಸತ್ಯ ಹೇಳುವ ಅಭ್ಯಾಸ. ಕಿಟಕಿ ಗಾಜು ಒಡೆದಾಗ ಅಪ್ಪ ನನ್ನ ಮೇಲೆ ಕೈ ಎತ್ತಿದ ಮೇಲೆ ತಾನೇ ‘ಒಡೆದದ್ದು ನಾನು’ ಎಂದದ್ದು?

ಮೂರನೆಯ ಸಾಲಿನಲ್ಲಿ ನಿನ್ನ ಹೆಂಡತಿಯ ಪಕ್ಕ ಕೂತೆ. ನಾನು ಮೂವತ್ತಮೂರು ವರ್ಷ ಕೂತ ಜಾಗದ ಮೇಲೆ ಸರಿಯಾಗಿ ನಿನ್ನ ಮೈಕು ನಿಲ್ಲಿಸಿದ್ದರು. ಕಾರ್ಯದರ್ಶಿ ಸ್ವಾಗತಿಸಿದ. ಅಧ್ಯಕ್ಷ ನಿನ್ನನ್ನು ಹೊಗಳಿದ. ಆಮೇಲೆ ನೀನು ಎದ್ದೆ, ಜೇಬಿನಿಂದ ಹಾಳೆ ತೆಗೆದೆ, ನನ್ನನ್ನು ನೋಡಿದೆ. ಆ ಗಳಿಗೆಯಲ್ಲಿ ‘ಹೇಳುತ್ತಾನೆ’ ಅಂದುಕೊಂಡೆ. ನಿನ್ನ ಹೆಂಡತಿಯೂ ನನ್ನ ಕೈ ಒತ್ತಿದಳು, ಅವಳಿಗೇನು ಗೊತ್ತೋ ನಾನರಿಯೆ.

ನೀನು ಕನ್ನಡಕ ಹಾಕಿಕೊಂಡು ಇಡೀ ಲೇಖನವನ್ನು ಗಂಭೀರವಾಗಿ ಓದತೊಡಗಿದೆ. ಬೆಳಕಿನ ಹಾನಿಯ ಬಗ್ಗೆ ಓದಿದಾಗ ಸದಸ್ಯರು ತಲೆದೂಗಿದರು. ‘ಔಷಧಿ ಹೊಡೆಯುವುದು ದುಂದು’ ಅಂದಾಗ ಅಧ್ಯಕ್ಷ ಆರೋಗ್ಯ ಅಧಿಕಾರಿಯ ಕಡೆ ತಿರುಗಿ ‘ಕೇಳಿಸ್ಕೊಳ್ರೀ’ ಎಂಬಂತೆ ನೋಡಿದ. ‘ದಪ್ಪ ಸಂಪುಟ ಹಿಡಿದರೆ ಮುಗಿಸದೆ ಏಳದ ಹಿರಿಯರು ನಮ್ಮಲ್ಲಿದ್ದಾರೆ’ ಎಂಬಲ್ಲಿ ನಿನ್ನ ದನಿ ನಡುಗಿತು. ನಮ್ಮ ಅಪ್ಪನನ್ನು ನೆನೆಸಿಕೊಂಡೆಯಾ? ಅವರು ಪಂಚಾಂಗ ಬಿಟ್ಟು ಬೇರೇನೂ ಓದಿದವರಲ್ಲ.

ಅಲ್ಲೇ ಹಿಂದಿನ ಸಾಲಿನಿಂದ ನಗು ಕೇಳಿಸಿತು. ಒಬ್ಬನೇ, ತಡೆಯಲಾರದ ನಗು. ತಿರುಗಿ ನೋಡಿದರೆ ದರ್ಜಿ, ಅಳತೆಯ ಟೇಪನ್ನು ಬಾಯಿಗೆ ಒತ್ತಿಕೊಂಡು ಹೊಟ್ಟೆ ಕುಲುಕಿಸುತ್ತಿದ್ದ.

ಕಾರ್ಯದರ್ಶಿ ಎದ್ದು ನಿಂತ. “ಯಾಕ್ರೀ ನಗ್ತಿದೀರಿ?”

“ಇದು ನಗಕ್ಕೇ ಬರ್ದಿರೋದಲ್ವಾ ಸ್ವಾಮಿ?”

“ಸಭೆ ಇದು. ಮರ್ಯಾದೆ ಇರಲಿ.”

“ಮರ್ಯಾದೆ ಇಟ್ಕೊಂಡೇ ನಗ್ತಿದೀನಿ. ಅವ್ರನ್ನೇ ಕೇಳಿ ಬೇಕಾದ್ರೆ. ಸಾರ್, ನೀವೇ ಹೇಳಿ ಸಾರ್, ಇದು ನಗಕ್ಕೆ ತಾನೇ?”

ಇಡೀ ಸಭೆ ನಿನ್ನ ಕಡೆ ತಿರುಗಿತು. ಪುಟ್ಟ, ಇದಕ್ಕಿಂತ ಸುಲಭವಾಗಿ ಯಾರಿಗೂ ಸತ್ಯ ಹೇಳುವ ಅವಕಾಶ ಸಿಕ್ಕಿಲ್ಲ. ಅವನು ವಾಕ್ಯವನ್ನೇ ಹೊಲಿದು, ಗುಂಡಿ ಹಚ್ಚಿ, ನಿನ್ನ ಮೈಗೆ ಹಿಡಿದಿದ್ದ. ನೀನು ತೋಳು ತೂರಿಸಿದ್ದರೆ ಸಾಕಿತ್ತು. ‘ಹೌದು’ ಅಂದಿದ್ದರೆ ಸಾಕಿತ್ತು.

ನೀನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೆ. “ಎಲ್ಲ ಗಂಭೀರ ವಿಚಾರಗಳನ್ನೂ ಮೊದಮೊದಲು ಜನ ನಗುತ್ತಲೇ ಸ್ವೀಕರಿಸಿದ್ದಾರೆ” ಅಂದೆ.

ಚಪ್ಪಾಳೆ. ಇಬ್ಬರು ಬಂದು ದರ್ಜಿಯ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಅವನು ಹೋಗುತ್ತಾ ನನ್ನನ್ನು ನೋಡಿ “ಅಮ್ಮಾ, ತಮಾಷೆ ಅಲ್ವಾ ಇದು?” ಅಂದ. ನಾನು ಬಾಯಿ ಬಿಡಲಿಲ್ಲ. ನಿನ್ನ ಮಾನಕ್ಕಾಗಿ ಬಿಡಲಿಲ್ಲ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನಗೆ ಆ ಮೌನದ ಮೇಲಿದೆ, ಅದಕ್ಕೇ ಈ ಕಾಗದ.

ರಿಬ್ಬನ್ ಕತ್ತರಿಸುವಾಗ ನಾನೂ ಹಿಂದಿನ ಕೋಣೆಗೆ ಬಂದೆ. ನೀವೆಲ್ಲ ಕ್ಯಾಮೆರಾದ ಕಡೆ ಮುಖ ಮಾಡಿದ್ದಿರಿ. ನಾನು ಗೋಡೆ ನೋಡಿದೆ. ಮೂರನೆಯ ಕಪಾಟಿನ ಹಿಂದೆ, ನೆಲದಿಂದ ಮೇಲಕ್ಕೆ, ಬೆರಳು ದಪ್ಪದ ಹಸಿ ಮಣ್ಣಿನ ಗೆರೆ ಹತ್ತಿದೆ. ನಾನಿದ್ದಾಗ ಮೂರು ತಿಂಗಳಿಗೊಮ್ಮೆ ಔಷಧಿ ಹೊಡೆಸಿ, ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿ ಕಾದಿದ್ದ ಗೋಡೆ ಅದು. ಕಾರ್ಯದರ್ಶಿಗೆ ತೋರಿಸಿದೆ. “ಆಮೇಲೆ ನೋಡೋಣ ಮೇಡಂ, ಫೋಟೊ ಆಗ್ಲಿ” ಅಂದ. ಹೊರಗೆ ಬಂದುಬಿಟ್ಟೆ.

ಯೋಜನೆಗೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ, ಕಪ್ಪು ಕಾಗದದ ಮೇಲೆಯೇ. ನಿನ್ನ ಒಪ್ಪಿಗೆಯನ್ನು ನೀನು ಹಿಂದಕ್ಕೆ ತೆಗೆದುಕೊಳ್ಳಲು ಇನ್ನೂ ಏಳು ದಿನವಿದೆ. ಗಾಜು ಒಡೆದ ದಿನದ ಹುಡುಗ ನಿನ್ನೊಳಗೆ ಎಲ್ಲಾದರೂ ಇದ್ದರೆ ಅವನಿಗೆ ಈ ಕಾಗದ ಕೊಡು.

ಆರೋಗ್ಯ ನೋಡಿಕೋ. ರಾತ್ರಿ ಮಾತ್ರೆ ಮರೆಯಬೇಡ. ನೀನೂ ನಿನ್ನ ಹೆಂಡತಿಯೂ ನೂರು ಕಾಲ ಚೆನ್ನಾಗಿರಿ. ಇಷ್ಟು ಬೈದ ಮೇಲೂ ಈ ಮಾತು ತಾನಾಗಿ ಕೈಗೆ ಬರುತ್ತದೆ, ಏನು ಮಾಡಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೂವತ್ತೊಂದು ವರ್ಷ ತಡೆಹಿಡಿದದ್ದು. ಆ ಲೇಖನ ಬರೆದದ್ದು ನಾನು ಎಂಬುದು ನಿನಗೆ ಈಗ ನೆನಪಿದೆಯೋ ಇಲ್ಲವೋ. ಊಟದ ಬಿಡುವಿನಲ್ಲಿ, ರದ್ದಾದ ಕಾರ್ಡುಗಳ ಮೇಲೆ ಬರೆದೆ. ಪುರಸಭೆಯ ನೌಕರಿಯಲ್ಲಿದ್ದವಳು ಪುರಸಭೆಯ ವಿರುದ್ಧ ಬರೆದರೆ ಕೆಲಸ ಹೋಗುತ್ತಿತ್ತು. ಪತ್ರಿಕೆಯವರಿಗೆ ನನ್ನ ಅಕ್ಷರದ ಗುರುತಿತ್ತು. ಅದಕ್ಕೇ ನಿನ್ನ ಕೈಗೆ ಕೊಟ್ಟು ‘ನಿನ್ನ ಅಕ್ಷರದಲ್ಲಿ ನಕಲು ಮಾಡು, ಸಂಪಾದಕರಿಗೆ ನಿನ್ನ ವಿಳಾಸ ಕೊಡು’ ಅಂದೆ. ಕಾರ್ಡುಗಳು ಹನ್ನೆರಡು. ಹನ್ನೆರಡನೆಯದರ ಮುಂಬದಿ ‘ಇದರಲ್ಲಿ ನನ್ನ ಸ್ವಂತ ಲಾಭದ ಆಸೆ ಎಳ್ಳಷ್ಟೂ ಇಲ್ಲ’ ಎಂದು ಮುಗಿಯುತ್ತದೆ. ಕೆಳಮೂಲೆಯಲ್ಲಿ ಬಾಣವಿದೆ.

ನಿನಗೆ ಆ ಬಾಣ ಗೊತ್ತಿರಲಿಲ್ಲ. ಹೇಗೆ ಗೊತ್ತಿರುತ್ತದೆ? ನೀನು ಒಂದು ದಿನವೂ ಕಾರ್ಡಿನ ಪೆಟ್ಟಿಗೆ ತೆರೆದವನಲ್ಲ. ನಿನಗೆ ಬೇಕಾದ ಪುಸ್ತಕವನ್ನೆಲ್ಲ ನಾನೇ ಚೀಲದಲ್ಲಿ ಹೊತ್ತು ತರುತ್ತಿದ್ದೆ. ಹಿಂಬದಿಯಲ್ಲಿ ಇದ್ದದ್ದು ಇಷ್ಟು: ‘ಇಂತಿ ತಮ್ಮ ವಿಧೇಯ, ಗೆದ್ದಲು. ಮೂರನೆಯ ಕಪಾಟು, ಕೆಳಗಿನ ಸಾಲು.’

ಈಗ ಓದು. ಬೆಳಕಿಗೆ ಹೆದರುವವರು ಯಾರು, ತಣ್ಣನೆಯ ಗೋಡೆ ಕೇಳುವವರು ಯಾರು, ಔಷಧಿ ಬೇಡ ಅನ್ನುವವರು ಯಾರು, ದಪ್ಪ ಸಂಪುಟವನ್ನು ಪೂರ್ತಿ ಮುಗಿಸದೆ ಏಳದ ಹಿರಿಯರು ಯಾರ ಮನೆತನದವರು. ಗೆದ್ದಲಿನ ಹೆಸರು ಇರಬೇಕಾದಲ್ಲಿ ನಿನ್ನ ಹೆಸರು ಅಚ್ಚಾಯಿತು. ‘ಅಲ್ಲಿ ಮಾತಾಡುವವನು ನಾನೇ’ ಎಂದು ಈಗ ಸಹಿ ಬೇರೆ ಹಾಕಿ ಕಳಿಸಿದ್ದೀಯ.

ಅಚ್ಚಾದ ಭಾನುವಾರ ನಾನು ಕೇಳಿದೆ: ‘ಕೊನೆಯದನ್ನು ಅವರು ಹಾಕಲಿಲ್ಲವಾ?’ ನೀನಂದೆ: ‘ಎಲ್ಲಾ ಹಾಕಿದಾರಲ್ಲ ಅಕ್ಕಾ.’ ಆವಾಗಲೇ ಗೊತ್ತಾಯಿತು. ಊರು ನಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ನಿನಗೆ ಕಾಲೇಜಿನಿಂದ ಕರೆ ಬಂದಿತ್ತು. ಸುಮ್ಮನಾದೆ. ಹೆಸರಿಗಾಗಿ ನನಗೆ ಹೊಟ್ಟೆಕಿಚ್ಚಿಲ್ಲ ಪುಟ್ಟ, ಅದನ್ನು ನಾನೇ ಕೊಟ್ಟದ್ದು. ಜೀವಮಾನದಲ್ಲಿ ನಾನು ಬರೆದದ್ದು ಅದೊಂದೇ. ಅದರ ಮೊದಲನೆಯ ಓದುಗ ನೀನು. ನೀನು ಕೊನೆಯವರೆಗೆ ಓದಲಿಲ್ಲ.

ಅಂದು ನೀನು ನಕಲು ಮಾಡಿಕೊಂಡು ಹಿಂದಿರುಗಿಸಿದ ಹನ್ನೆರಡೂ ಕಾರ್ಡುಗಳನ್ನು ನಿನ್ನೆ ದರ್ಜಿಯ ಅಂಗಡಿಗೆ ಒಯ್ದು ಕೊಟ್ಟೆ. ಏನೂ ಹೇಳಲಿಲ್ಲ. ಅವನು ಮಿಷನ್ನು ನಿಲ್ಲಿಸಿ ಓದಿದ, ಕೊನೆಯದಕ್ಕೆ ಬಂದ, ಬಾಣ ನೋಡಿದ, ತಿರುಗಿಸಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರವನ್ನೇ ನೋಡುತ್ತಾ ನಿಂತ. ನಗು ನಿಂತುಹೋಯಿತು.

“ಅಮ್ಮಾ, ಇದು ನಿಮ್ಮ ಕೈಯಲ್ವಾ?” ಅಂದ.

ಈ ಸಲ ಬಾಯಿ ಬಿಟ್ಟೆ. ಅವನ ಆಕ್ಷೇಪಣೆಯ ಜೊತೆ ಆ ಹನ್ನೆರಡು ಕಾರ್ಡುಗಳೂ ಇವತ್ತು ಬೆಳಿಗ್ಗೆ ಪುರಸಭೆಗೆ ಸಲ್ಲಿಕೆಯಾಗಿವೆ. ಕೆಳಗೆ ನನ್ನ ಸಹಿಯಿದೆ.